ಚೀಲ ಬಿಚ್ಚಿದ ಮೇಲೆ

ಪೌಡರ್ ಬ್ಲೂ ಟ್ಯಾಂಗ್ ಎಂಬ ಮೀನನ್ನು ಒಮ್ಮೆ ಕಂಡವರು ಸುಲಭಕ್ಕೆ ಮರೆಯುವುದಿಲ್ಲ. ಮೈಯೆಲ್ಲ ತಿಳಿನೀಲಿ, ಮುಖ ಕಪ್ಪು, ಗದ್ದದಡಿ ಬಿಳಿ ಪಟ್ಟಿ, ಬೆನ್ನಿನುದ್ದಕ್ಕೂ ಹಳದಿ ಈಜುರೆಕ್ಕೆ. ಬಾಲದ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಮಡಚಿಟ್ಟ ಮುಳ್ಳು. ಕೆರಳಿದಾಗ ಅದನ್ನು ಬಿಚ್ಚಿ ಎದುರಾಳಿಯ ಮೈ ಸೀಳುತ್ತದೆ. ಇದರ ಬಳಗಕ್ಕೆ ಸರ್ಜನ್ ಮೀನು ಎಂಬ ಹೆಸರು ಬಂದದ್ದೇ ಆ ಮುಳ್ಳಿನಿಂದ. ಲಕ್ಷದ್ವೀಪ, ಮಾಲ್ಡೀವ್ಸ್, ಶ್ರೀಲಂಕಾ ಸುತ್ತಲಿನ ಹವಳದ ದಿಬ್ಬಗಳಲ್ಲಿ ಇದು ಬೆಳಗಿನಿಂದ ಸಂಜೆಯವರೆಗೆ ಬಂಡೆಗಂಟಿದ ಪಾಚಿಯನ್ನು ಕೆರೆದು ತಿನ್ನುತ್ತ ಅಲೆಯುತ್ತದೆ. ಉಪ್ಪುನೀರಿನ ಅಕ್ವೇರಿಯಂ ಇಟ್ಟವರಲ್ಲಿ ಇದನ್ನು ಬಯಸದವರು ಕಡಿಮೆ. ತಂದು ಕಳೆದುಕೊಂಡವರು ಬಹಳ.

ಕಳೆದುಕೊಳ್ಳುವುದಕ್ಕೆ ಕಾರಣ ಮೀನಿನ ಸೂಕ್ಷ್ಮ ಪ್ರಕೃತಿಯಷ್ಟೇ ಅಲ್ಲ. ಅದು ಬಲೆಗೆ ಬಿದ್ದ ದಿನದಿಂದ ಸಂಗ್ರಹಕಾರರ ತೊಟ್ಟಿ, ರಫ್ತುದಾರರ ತೊಟ್ಟಿ, ಸಗಟು ವ್ಯಾಪಾರಿಯ ತೊಟ್ಟಿ, ಅಂಗಡಿಯ ತೊಟ್ಟಿ ಎಂದು ಕೈಯಿಂದ ಕೈಗೆ ದಾಟಿರುತ್ತದೆ. ಪ್ರತಿ ನಿಲ್ದಾಣದಲ್ಲೂ ಬೇರೆ ಬೇರೆ ಕಡಲಿನ ಮೀನುಗಳ ಜೊತೆ ಒಂದೇ ನೀರು ಹಂಚಿಕೊಂಡಿರುತ್ತದೆ. ಕೊನೆಗೆ ಬೆಂಗಳೂರಿನ ಯಾವುದೋ ಮನೆಯ ಬಾಗಿಲಿಗೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಂದಿಳಿದಾಗ ಬಹುಪಾಲು ಜನ ಅಕ್ಕರೆಯಿಂದಲೇ ಎರಡು ಎಡವಟ್ಟು ಮಾಡುತ್ತಾರೆ. ಚೀಲದಿಂದ ಹೊರತೆಗೆಯುವಾಗ ಗಂಟೆಗಟ್ಟಲೆ ನಿಧಾನಿಸುತ್ತಾರೆ. ಉಳಿದ ಮೀನುಗಳಿರುವ ದೊಡ್ಡ ತೊಟ್ಟಿಗೆ ಬಿಡುವಾಗ ಒಂದು ದಿನವೂ ಕಾಯುವುದಿಲ್ಲ. ಆಗಬೇಕಾದದ್ದು ಇದರ ತಿರುವುಮುರುವು.

ಮೊದಲು ಚೀಲದ ಕಥೆ. ದೂರದಿಂದ ಬರುವ ಮೀನು ಒಂದು ದಿನ, ಕೆಲವೊಮ್ಮೆ ಒಂದೂವರೆ ದಿನ ಆ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲೇ ಇರುತ್ತದೆ. ನೀರಿನ ಮೇಲೆ ಶುದ್ಧ ಆಮ್ಲಜನಕ ತುಂಬಿರುವುದರಿಂದ ಉಸಿರಿಗೆ ಬರವಿಲ್ಲ. ತೊಂದರೆ ಇರುವುದು ಮೀನು ಹೊರಬಿಡುವ ಎರಡು ವಸ್ತುಗಳಲ್ಲಿ. ಒಂದು ಇಂಗಾಲದ ಡೈಆಕ್ಸೈಡ್, ಇನ್ನೊಂದು ಅಮೋನಿಯಾ. ಸಾಗಿಸುವ ಮುನ್ನ ಒಂದೆರಡು ದಿನ ಮೀನನ್ನು ಉಪವಾಸ ಕೆಡವುವುದು ಈ ಹೊಲಸು ಕಡಿಮೆಯಾಗಲಿ ಎಂದೇ. ಆದರೂ ಕಿವಿರುಗಳಿಂದ ಅಮೋನಿಯಾ ಜಿನುಗುತ್ತಲೇ ಇರುತ್ತದೆ. ವಿಚಿತ್ರವೆಂದರೆ ಇಲ್ಲಿ ಒಂದು ವಿಷ ಇನ್ನೊಂದರ ಹಲ್ಲು ಕಿತ್ತಿಟ್ಟಿರುತ್ತದೆ. ಡೈಆಕ್ಸೈಡ್ ನೀರನ್ನು ಆಮ್ಲೀಯವಾಗಿಸಿ, ಕಡಲಿನಲ್ಲಿ 8.2ರ ಆಸುಪಾಸಿನಲ್ಲಿರುವ ಪಿಎಚ್ ಅನ್ನು 7ಕ್ಕಿಂತ ಕೆಳಗಿಳಿಸುತ್ತದೆ. ಅಂಥ ನೀರಿನಲ್ಲಿ ಅಮೋನಿಯಾ ಬಹುತೇಕ ಅಮೋನಿಯಂ ಅಯಾನಾಗಿ ಬದಲಾಗುತ್ತದೆ. ವಿದ್ಯುದಂಶ ಹೊತ್ತ ಆ ಅಯಾನು ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಲಾರದು. ಪಿಎಚ್ 6.7 ಇದ್ದಾಗ ವಿಷಕಾರಿ ಅಮೋನಿಯಾ ಒಟ್ಟಿನಲ್ಲಿ ಸಾವಿರಕ್ಕೆ ಎರಡು ಭಾಗದಷ್ಟು, 8.2ಕ್ಕೆ ಏರಿದರೆ ನೂರಕ್ಕೆ ಆರೇಳು ಭಾಗ. ನೀರಿನಲ್ಲಿರುವ ಒಟ್ಟು ಅಮೋನಿಯಾ ಒಂದು ಹನಿಯೂ ಹೆಚ್ಚದೆ ವಿಷ ಮೂವತ್ತು ಪಟ್ಟು ಹೆಚ್ಚಿತು.

ಚೀಲದ ಬಾಯಿ ಬಿಚ್ಚಿದ ಗಳಿಗೆಯಲ್ಲಿ ಆಗುವುದು ಇದೇ. ಡೈಆಕ್ಸೈಡ್ ಗಾಳಿಗೆ ಹಾರಿಹೋಗುತ್ತದೆ, ಪಿಎಚ್ ಏರತೊಡಗುತ್ತದೆ. ಅದರ ಮೇಲೆ ತೆಳು ಕೊಳವೆಯಿಂದ ತೊಟ್ಟಿಯ ಕ್ಷಾರೀಯ ನೀರನ್ನು ತೊಟ್ಟು ತೊಟ್ಟಾಗಿ ಬಿಡುತ್ತ ಎರಡು ತಾಸು ಕೂತರೆ ಏರಿಕೆ ಇನ್ನೂ ಚುರುಕಾಗುತ್ತದೆ. ಹವ್ಯಾಸಿಗಳು ಇದನ್ನು ಡ್ರಿಪ್ ಅಕ್ಲಿಮೇಷನ್ ಎನ್ನುತ್ತಾರೆ. ಮೃದುವಾಗಿ ಒಗ್ಗಿಸುತ್ತಿದ್ದೇವೆ ಎಂಬ ಸಮಾಧಾನ ನಮಗೆ. ಮೀನು ಮಾತ್ರ ತನ್ನದೇ ಹೊಲಸಿನ ವಿಷ ಏರುತ್ತಿರುವ ನೀರಿನಲ್ಲಿ ಕಿವಿರು ಬಡಿಯುತ್ತಿರುತ್ತದೆ. ಊರಿನ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ಮನೆಗೆ ಬಂದ ಮೀನಿಗೆ ಈ ಭಯವಿಲ್ಲ, ಅದಕ್ಕೆ ಡ್ರಿಪ್ ಮಾಡಿದರೂ ನಡೆದೀತು. ವಿಮಾನದಲ್ಲಿ ಬಂದ ಮೀನಿನ ಚೀಲವನ್ನು ಮಾತ್ರ ಬಿಚ್ಚದೆ ಹಾಗೇ ನೀರಿನ ಮೇಲೆ ಹದಿನೈದಿಪ್ಪತ್ತು ನಿಮಿಷ ತೇಲಿಬಿಟ್ಟು, ತಾಪ ಸಮವಾದೊಡನೆ ಬಿಚ್ಚಿ, ಮೀನನ್ನು ಹೊರತೆಗೆದು ಹೊಸ ನೀರಿಗೆ ಬಿಡಬೇಕು. ಚೀಲದ ನೀರು ಮೋರಿಗೆ. ಟ್ಯಾಂಗ್ ಆಗಿದ್ದರೆ ಬಲೆ ಬೇಡ, ಬಾಲದ ಮುಳ್ಳು ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಎತ್ತುವುದು ಮೇಲು.

ಹಾಗಾದರೆ ಉಪ್ಪಿನ ವ್ಯತ್ಯಾಸದ ಗತಿಯೇನು? ಅದಕ್ಕೆ ಕಡಲ ಮೀನು ಬದುಕುವ ರೀತಿಯನ್ನೇ ನೋಡಬೇಕು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಜಾಡಿಯ ತುಂಬ ನೀರೊಡೆದು ಹೋಳು ಮುರುಟಿರುತ್ತದಲ್ಲ, ಕಡಲಿನಲ್ಲಿ ಮೀನಿನ ಪಾಡೂ ಅದೇ. ಒಂದು ಕಿಲೋ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಮೀನಿನ ರಕ್ತದಲ್ಲಿ ಅದರ ಮೂರನೇ ಒಂದು ಭಾಗದಷ್ಟು. ಹಾಗಾಗಿ ಕಿವಿರಿನ ಮೂಲಕ ನೀರು ಸದಾ ಹೊರಕ್ಕೆ ಸೋರುತ್ತದೆ. ನೀರಿನೊಳಗಿದ್ದೂ ಕಡಲ ಮೀನಿಗೆ ಬಾಯಾರಿಕೆ ತಪ್ಪಿದ್ದಲ್ಲ. 1930ರಲ್ಲಿ ಅಮೆರಿಕದ ವಿಜ್ಞಾನಿ ಹೋಮರ್ ಸ್ಮಿತ್ ಕಡಲನೀರಿಗೆ ಫಿನಾಲ್ ರೆಡ್ ಎಂಬ ಬಣ್ಣ ಬೆರೆಸಿ ಅದರಲ್ಲಿ ಮೀನುಗಳನ್ನಿಟ್ಟು ನೋಡಿದ. ಬಣ್ಣ ಮೀನಿನ ಕರುಳಿನಲ್ಲಿ ಗಾಢವಾಗಿ ಸೇರಿತ್ತು. ಮೀನು ಕಡಲನ್ನು ಕುಡಿಯುತ್ತದೆ, ನೀರನ್ನು ಹೀರಿಕೊಳ್ಳುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿತು. ಜೊತೆಗೆ ಒಳಸೇರಿದ ಉಪ್ಪು ಎಲ್ಲಿಂದ ಹೊರಹೋಗುತ್ತದೆ? ಮುಂದಿನ ಎರಡು ವರ್ಷಗಳಲ್ಲಿ ಹಾವುಮೀನಿನ ಕಿವಿರಿನ ಮೇಲೆ ಪ್ರಯೋಗ ಮಾಡಿದ ಆನ್ಸೆಲ್ ಕೀಸ್, ಕಿವಿರುಗಳಲ್ಲಿ ಉಪ್ಪನ್ನು ಹೊರದಬ್ಬುವ ವಿಶೇಷ ಕೋಶಗಳಿವೆ ಎಂದು ತೋರಿಸಿದ. ಕೊಬ್ಬು ತಿಂದರೆ ಹೃದಯಕ್ಕೆ ಕೇಡು ಎಂಬ ವಾದದಿಂದ ಮುಂದೆ ಲೋಕಪ್ರಸಿದ್ಧನಾದ ಕೀಸ್ ಇವನೇ.

ಈ ಕೋಶಗಳ ಕೆಲಸಕ್ಕೆ ಬಹಳ ಶಕ್ತಿ ಬೇಕು, ಅವು ಹೊಸ ಉಪ್ಪಿನ ಮಟ್ಟಕ್ಕೆ ಹೊಂದಿಕೊಳ್ಳುವುದು ತಾಸುಗಳಲ್ಲಲ್ಲ, ದಿನಗಳಲ್ಲಿ. ಉಪ್ಪು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೀನಿಗೆ ಹೊರೆ ಇಳಿಯುತ್ತದೆ, ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಹೆಚ್ಚಾದರೆ ಒಳಗಿನಿಂದ ಒಣಗತೊಡಗುತ್ತದೆ, ಎರಡು ಮೂರು ದಿನ ಚೆನ್ನಾಗಿದ್ದಂತೆ ಕಂಡು ಸಾಯುತ್ತದೆ. ಅನೇಕ ವ್ಯಾಪಾರಿಗಳು ಉಪ್ಪಿನ ಖರ್ಚು ಉಳಿಸಲು, ಪರಜೀವಿಗಳನ್ನು ಹದ್ದುಬಸ್ತಿನಲ್ಲಿಡಲು ಸಾಪೇಕ್ಷ ಸಾಂದ್ರತೆ 1.018ರಷ್ಟಿರುವ ತೆಳು ನೀರಿನಲ್ಲಿ ಮೀನು ಇಡುತ್ತಾರೆ. ನಮ್ಮ ತೊಟ್ಟಿಯದು 1.025. ಎರಡು ಗಂಟೆ ಡ್ರಿಪ್ ಮಾಡಿದರೂ ಈ ಅಂತರ ಮೀನಿನ ಮಟ್ಟಿಗೆ ದಿಢೀರ್ ಏರಿಕೆಯೇ. ಇದಕ್ಕೆ ಉಪಾಯ ಬಹಳ ಸರಳ, ಹಾಗಿದ್ದೂ ಅಪರೂಪಕ್ಕೆ ಯಾರಾದರೂ ಮಾಡುತ್ತಾರೆ. ಮೀನನ್ನು ನೀರಿಗೆ ಒಗ್ಗಿಸುವ ಬದಲು ನೀರನ್ನೇ ಮೀನಿಗೆ ಒಗ್ಗಿಸಬೇಕು. ಯಾವ ಸಾಂದ್ರತೆಯಲ್ಲಿ ಮೀನು ಇಟ್ಟಿದ್ದೀರಿ ಎಂದು ಮೊದಲೇ ಕೇಳಿ, ಪ್ರತ್ಯೇಕ ತೊಟ್ಟಿಯ ನೀರನ್ನು ಆ ಮಟ್ಟಕ್ಕೆ ತಂದಿಟ್ಟುಕೊಂಡರೆ ಆಯಿತು. ಚೀಲ ಬಿಚ್ಚಿದೊಡನೆ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಅದರ ನೀರಿನ ಒಂದು ಹನಿ ಹಾಕಿ ಖಚಿತಪಡಿಸಿಕೊಂಡು, ಬೇಕಾದರೆ ತೊಟ್ಟಿಗೆ ಒಂದು ಚೊಂಬು ಸಿಹಿನೀರು ಸೇರಿಸಿ, ಮೀನು ಬಿಡುವುದು. ಆಮೇಲೆ ದಿನಕ್ಕೆ 0.002ರಷ್ಟು ಏರಿಸುತ್ತ ಹೋದರೆ ವಾರದೊಳಗೆ ಕಡಲಿನ ಮಟ್ಟ ಮುಟ್ಟುತ್ತದೆ. ನಿಧಾನಕ್ಕೆ ಜಾಗ ಅಲ್ಲಿದೆ, ಚೀಲದಲ್ಲಿಲ್ಲ.

ಇಷ್ಟು ಹೊತ್ತಿಗೆ ಪ್ರತ್ಯೇಕ ತೊಟ್ಟಿ ಎಂಬ ಮಾತು ಓದುಗರ ಕಿವಿಗೆ ಬಿದ್ದಿರುತ್ತದೆ. ಮೀನು ಲವಲವಿಕೆಯಿಂದಿದೆ, ಅಂಗಡಿಯಲ್ಲೇ ತಿನ್ನುತ್ತಿತ್ತು, ಮೈ ಮೇಲೆ ಒಂದು ಚುಕ್ಕೆಯಿಲ್ಲ, ಅದಕ್ಕೇಕೆ ಕ್ವಾರಂಟೈನ್ ಎಂದು ಕೇಳುವವರಿದ್ದಾರೆ. ಉತ್ತರ ಕೊಟ್ಟಿರುವುದು ಸಾರ್ವಜನಿಕ ಅಕ್ವೇರಿಯಂಗಳ ಇತಿಹಾಸ. ಕಡಲ ಮೀನುಗಳ ಹೆಸರಾಂತ ಪರಜೀವಿಗಳಿಗೆ ಹೆಸರಿಟ್ಟದ್ದು ಕಡಲಿನಲ್ಲಲ್ಲ, ಗಾಜಿನ ತೊಟ್ಟಿಗಳ ಪಕ್ಕದಲ್ಲಿ. ವೆಲ್ವೆಟ್ ರೋಗದ ಏಕಕೋಶ ಜೀವಿಯನ್ನು ಲಂಡನ್ನಿನ ಅಕ್ವೇರಿಯಂನ ಮೀನುಗಳಲ್ಲಿ ಗುರುತಿಸಿ 1931ರಲ್ಲಿ ವರ್ಣಿಸಿದ್ದು ಬ್ರೌನ್ ಎಂಬ ವಿಜ್ಞಾನಿ. ಬಿಳಿಚುಕ್ಕೆ ರೋಗದ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್‌ಗೆ 1951ರಲ್ಲಿ ಹೆಸರಿಟ್ಟದ್ದೂ ಬ್ರೌನ್. ಚರ್ಮಕ್ಕಂಟುವ ಚಪ್ಪಟೆ ಹುಳುವೊಂದನ್ನು ಮ್ಯಾಕಲಂ ಎಂಬ ಇನ್ನೊಬ್ಬ ವಿಜ್ಞಾನಿ 1927ರಲ್ಲಿ ವರ್ಣಿಸಿದ್ದು ನ್ಯೂಯಾರ್ಕ್ ಅಕ್ವೇರಿಯಂನ ಮೀನುಗಳಿಂದ. ಕಡಲಿನಲ್ಲಿ ಇವೆಲ್ಲ ಇದ್ದೇ ಇದ್ದವು. ಅಲ್ಲಿ ಅವು ಸುದ್ದಿ ಮಾಡುತ್ತಿರಲಿಲ್ಲ, ಅಷ್ಟೇ.

ಬಿಳಿಚುಕ್ಕೆಯ ಜೀವಿಯ ದಿನಚರಿ ತಿಳಿದರೆ ಕಾರಣ ಹೊಳೆಯುತ್ತದೆ. ಮೀನಿನ ಮೈಯಲ್ಲಿ ಉಪ್ಪಿನ ಹರಳಿನಷ್ಟು ಕಾಣುವ ಬಿಳಿ ಚುಕ್ಕೆಯೊಳಗೆ ಒಂದು ಏಕಕೋಶ ಜೀವಿ ಹೊರಚರ್ಮದ ಕೆಳಗೆ ಗಿರಗಿರನೆ ತಿರುಗುತ್ತ ಮೀನಿನ ಅಂಗಾಂಶ ತಿನ್ನುತ್ತಿರುತ್ತದೆ. ಮೂರರಿಂದ ಏಳು ದಿನ ಹೀಗೆ ತಿಂದು ಕೊಬ್ಬಿ, ಕತ್ತಲಿನ ಹೊತ್ತು ಮೀನನ್ನು ಬಿಟ್ಟು ಕೆಳಗಿಳಿಯುತ್ತದೆ. ಕೆಲವು ತಾಸು ಮರಳ ಮೇಲೆ ತೆವಳಿ, ಒಂದು ಜಾಗ ಹಿಡಿದು, ಸುತ್ತ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಒಂದೇ ಕೋಶದಿಂದ ನೂರಾರು ಮರಿಗಳು ತಯಾರಾಗುತ್ತವೆ. ಅವು ಹೊರಬೀಳುವುದೂ ನಡುರಾತ್ರಿ ಕಳೆದು ಬೆಳಕು ಹರಿಯುವ ಹೊತ್ತಿಗೆ. ಆ ಹೊತ್ತಿನಲ್ಲಿ ಮೀನುಗಳು ಕಲ್ಲುಸಂದಿಗಳಲ್ಲಿ, ತಳಕ್ಕೆ ಹತ್ತಿರವಾಗಿ, ಅಲುಗದೆ ಮಲಗಿರುತ್ತವೆ. ಮರಿಗಳಿಗೆ ಆಯುಷ್ಯ ಒಂದೆರಡು ದಿನ, ಅಂಟಿಕೊಳ್ಳುವ ಕಸುವು ಮೊದಲ ಕೆಲವು ತಾಸುಗಳಲ್ಲೇ ಕುಗ್ಗುತ್ತದೆ. ಅಷ್ಟರಲ್ಲಿ ಮೀನು ಸಿಗದಿದ್ದರೆ ಮುಗಿಯಿತು. ಕೋಶಗಳಿಗೆ ಮಾತ್ರ ಅವಸರವಿಲ್ಲ. ಕೆಲವು ಮೂರೇ ದಿನದಲ್ಲಿ ಒಡೆಯುತ್ತವೆ, ಬಹಳಷ್ಟು ನಾಲ್ಕು ವಾರದೊಳಗೆ. ಪ್ರಯೋಗಾಲಯದಲ್ಲಿ 72 ದಿನ ತೆಗೆದುಕೊಂಡ ಕೋಶವೂ ಇದೆ.

ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ಮುಳುಗಿ ಹವಳದ ಮೀನು ನೋಡಿದವರು ಸುತ್ತಲಿನ ನೀರನ್ನು ನೆನಪಿಸಿಕೊಳ್ಳಲಿ. ಅಲ್ಲಿ ನೂರಾರು ಮರಿಗಳು ಹೊರಬಿದ್ದರೂ ಅಲೆ, ಸೆಳೆತ ಅವನ್ನು ಹೊತ್ತೊಯ್ಯುತ್ತದೆ. ಮೀನು ಮುಟ್ಟುವುದು ಒಂದೋ ಎರಡೋ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಅವುಗಳಿಗೆ ಹೋಗಲು ಬೇರೆ ಜಾಗವೇ ಇಲ್ಲ. ಪ್ರತಿ ಸುತ್ತಿನಲ್ಲೂ ಲೆಕ್ಕ ಹತ್ತಾರು ಪಟ್ಟು ಬೆಳೆಯುತ್ತದೆ. ಈ ನಡುವೆ ಮಾಲೀಕರನ್ನು ಮೋಸಗೊಳಿಸುವ ಒಂದು ಘಟ್ಟವಿದೆ. ಮೊದಲ ಚುಕ್ಕೆಗಳು ಕಂಡು ನಾಲ್ಕೈದು ದಿನಕ್ಕೆ ಮಾಯವಾಗುತ್ತವೆ. ಬೆಳ್ಳುಳ್ಳಿ ರಸ ಹಚ್ಚಿದ ಆಹಾರ ಕೊಟ್ಟಿದ್ದೆ, ವಾಸಿಯಾಯಿತು ಎಂದು ಸಂಭ್ರಮಿಸುವವರು ಇದೇ ಘಟ್ಟದವರು. ಬೆಳ್ಳುಳ್ಳಿಯಿಂದ ಮೀನಿನ ಹಸಿವು ಕೆರಳಬಹುದು, ರೋಗ ಹೋಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಚುಕ್ಕೆ ಹೋದದ್ದು ಪರಜೀವಿ ಸಂತಾನಕ್ಕಾಗಿ ಇಳಿದುಹೋದುದರಿಂದ. ಪಾರಾದ ಮೀನಿಗೆ ಕೆಲವು ತಿಂಗಳು ಅರೆಬರೆ ರೋಗನಿರೋಧಕ ಶಕ್ತಿ ಬರುತ್ತದೆ. ಆಗ ರೋಗ ಕಿವಿರಿನ ಮಡಿಕೆಗಳಲ್ಲಿ ಕಣ್ಣಿಗೆ ಬೀಳದೆ ಉಳಿಯುತ್ತದೆ. ಚುಕ್ಕೆಯಿಲ್ಲದ ಮೀನು ರೋಗವಿಲ್ಲದ ಮೀನು ಅಲ್ಲ ಎನ್ನುವುದು ಅದಕ್ಕೇ.

ವೆಲ್ವೆಟ್ ಇನ್ನೂ ಕ್ರೂರ. ಚುಕ್ಕೆಗಳಲ್ಲ, ಮೈ ಮೇಲೆ ಹೊಂಬಣ್ಣದ ಧೂಳು ಉದುರಿಸಿದಂತೆ ಕಾಣುತ್ತದೆ, ಅದೂ ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ. ಅನೇಕ ಸಲ ಕಿವಿರಿಗೇ ಮೊದಲು ಹತ್ತಿ, ಧೂಳು ಕಾಣುವ ಮೊದಲೇ ಮೀನು ಸತ್ತಿರುತ್ತದೆ. ಏದುಸಿರು, ಬೆಳಕಿನಿಂದ ಮರೆಯಾಗುವುದು, ಪಂಪಿನ ನೀರಿಗೆ ಎದುರಾಗಿ ಮೂತಿಯಿಟ್ಟು ನಿಲ್ಲುವುದು ಸುಳಿವು. ಇದರ ಒಂದು ಕೋಶ 256 ಮರಿಗಳವರೆಗೆ ಒಡೆಯಬಲ್ಲದು. ಹವಳಗಳ ಮೈಯೊಳಗಿದ್ದು ಅವಕ್ಕೆ ಅನ್ನ ಕೊಡುವ ಸೂಕ್ಷ್ಮ ಪಾಚಿಗಳಿವೆಯಲ್ಲ, ಅದೇ ಡೈನೋಫ್ಲಾಜೆಲೇಟ್ ಕುಲದ್ದು ಈ ಕೊಲೆಗಡುಕ. ಮಲೇರಿಯಾದ ಜೀವಿಯೂ ಇವುಗಳ ದೂರದ ನೆಂಟ. ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ವೆಲ್ವೆಟ್ಟಿನ ಮೇಲೂ ಕೆಲಸ ಮಾಡುತ್ತದೆ.

ಪ್ರತ್ಯೇಕ ತೊಟ್ಟಿಗೆ ಶೋಭೆ ಬೇಡ. ನೂರು ಲೀಟರಿನ ಬರಿಗಾಜಿನ ಡಬ್ಬ, ಹೀಟರ್, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ನಾಲ್ಕು ತುಂಡು, ಮೇಲೆ ಜಾಲರಿ. ಹೊಸ ಮೀನು ಮೊದಲ ರಾತ್ರಿ ಹಾರಿ ನೆಲಕ್ಕೆ ಬಿದ್ದು ಒಣಗುವುದು ರೋಗದಷ್ಟೇ ಸಾಮಾನ್ಯ. ಸ್ಪಂಜನ್ನು ಕೆಲವು ವಾರ ಮೊದಲೇ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿಟ್ಟರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಮನೆ ಮಾಡಿರುತ್ತವೆ. ಹಾಗಲ್ಲದೆ ಹೊಸ ನೀರು, ಹೊಸ ಫಿಲ್ಟರ್, ಹೊಸ ಮೀನು ಮೂರನ್ನೂ ಒಂದೇ ದಿನ ಕೂಡಿಸಿದರೆ ಕ್ವಾರಂಟೈನೇ ಮೀನನ್ನು ಕೊಲ್ಲುತ್ತದೆ. ಕ್ವಾರಂಟೈನ್ ಮಾಡಿದ್ದಕ್ಕೇ ಮೀನು ಸತ್ತಿತು ಎನ್ನುವವರ ತೊಟ್ಟಿಯನ್ನು ಹೋಗಿ ನೋಡಿ, ಬಹುತೇಕ ಇದೇ ಆಗಿರುತ್ತದೆ. ಮರಳು, ಹವಳದ ಕಲ್ಲು ಹಾಕಬಾರದು ಎನ್ನುವುದಕ್ಕೆ ಬೇರೆಯೇ ಕಾರಣ. ಕೊಡಲಿರುವ ಔಷಧ ತಾಮ್ರ, ಸುಣ್ಣದ ಕಲ್ಲು ಅದನ್ನು ಹೀರಿಬಿಡುತ್ತದೆ.

ತಾಮ್ರ ಚರ್ಮದಡಿ ಅವಿತ ಜೀವಿಯನ್ನಾಗಲಿ ಕೋಶ ಕಟ್ಟಿದ್ದನ್ನಾಗಲಿ ಮುಟ್ಟಲಾರದು. ಹೊರಬಿದ್ದು ಈಜುವ ಮರಿಗಳನ್ನು ಮಾತ್ರ ಕೊಲ್ಲುತ್ತದೆ. ಹಾಗಾಗಿ ಕಡೆಯ ಕೋಶ ಒಡೆಯುವವರೆಗೆ, ಸಾಮಾನ್ಯವಾಗಿ 30 ದಿನ, ಮಟ್ಟ ಒಂದು ದಿನವೂ ಇಳಿಯಬಾರದು. ಕಿಲೇಟ್ ಮಾಡಿದ ತಾಮ್ರವಾದರೆ ಲೀಟರಿಗೆ 2ರಿಂದ 2.5 ಮಿಲಿಗ್ರಾಂ, ಬರಿ ಅಯಾನು ರೂಪದ್ದಾದರೆ ಅದರ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ಎರಡನ್ನೂ ಅದಲುಬದಲು ಮಾಡಿದವರ ಮೀನು ಉಳಿಯುವುದಿಲ್ಲ. ಟ್ಯಾಂಗ್‌ಗೆ ಈ ಮಟ್ಟವನ್ನು ಎರಡು ಮೂರು ದಿನ ಹಿಡಿದು ಏರಿಸುವುದು ಲೇಸು. ಇದೇ ತಾಮ್ರ ಸಿಗಡಿ, ಬಸವನಹುಳು, ಹವಳಗಳಿಗೆ ನೇರ ವಿಷವಾದ್ದರಿಂದ ದೊಡ್ಡ ತೊಟ್ಟಿಗೆ ಸುರಿಯುವಂತಿಲ್ಲ. ಔಷಧವೇ ಇಲ್ಲದ ದಾರಿಯೂ ಬಿಳಿಚುಕ್ಕೆಗೆ ಉಂಟು. ಇಸ್ರೇಲಿನ ಐಲಾತ್‌ನಲ್ಲಿ ಆಂಜೆಲೊ ಕೊಲೊರ್ನಿ 1987ರಲ್ಲಿ ತೋರಿಸಿದ್ದು ಅದು: ಒಣಗಿಸಿ ಶುಚಿ ಮಾಡಿದ ಇನ್ನೊಂದು ತೊಟ್ಟಿಗೆ ಮೂರು ದಿನಕ್ಕೊಮ್ಮೆ ಮೀನನ್ನು ದಾಟಿಸುವುದು, ಹೀಗೆ ನಾಲ್ಕು ಸಲ. ಉದುರಿದ ಕೋಶಗಳು ಒಡೆಯುವ ಹೊತ್ತಿಗೆ ಮೀನು ಅಲ್ಲಿರುವುದಿಲ್ಲ. ಸಾಂದ್ರತೆಯನ್ನು 1.009ಕ್ಕೆ ಇಳಿಸಿ ಕೆಲವು ವಾರ ಇಡುವುದು ಮತ್ತೊಂದು ದಾರಿ. ಆ ನೀರು ಹೆಚ್ಚುಕಡಿಮೆ ಮೀನಿನ ರಕ್ತದಷ್ಟೇ ಉಪ್ಪು, ಹಾಗಾಗಿ ಮೀನಿಗೆ ಸುಖ, ಪರಜೀವಿಗೆ ಸಾವು. ವೆಲ್ವೆಟ್ ಮಾತ್ರ ಈ ಎರಡೂ ದಾರಿಗಳಿಗೆ ಜಗ್ಗುವುದಿಲ್ಲ. ಅದಕ್ಕಾಗಿಯೇ ನನ್ನ ಒಲವು ತಾಮ್ರದ ಕಡೆಗೆ.

ಹೊಸಬರು ಕಣ್ಣಾರೆ ನೋಡಲೇಬೇಕಾದದ್ದು ಸಿಹಿನೀರಿನ ಮುಳುಗು. ನ್ಯೂಯಾರ್ಕಿನಲ್ಲಿ ಕಂಡ ಆ ಚಪ್ಪಟೆ ಹುಳುಗಳು ಪಾರದರ್ಶಕ, ಮೀನಿನ ಮೈ ಮೇಲೆ ಹತ್ತಾರು ಕೂತಿದ್ದರೂ ತಿಳಿಯುವುದಿಲ್ಲ. ತಾಪ, ಪಿಎಚ್ ಎರಡನ್ನೂ ತೊಟ್ಟಿಗೆ ಸರಿಹೊಂದಿಸಿ, ಗಾಳಿ ಗುಳ್ಳೆ ಬಿಟ್ಟ ಕಪ್ಪು ಬಕೆಟ್ಟಿನ ಸಿಹಿನೀರಿನಲ್ಲಿ ಮೀನನ್ನು ಐದು ನಿಮಿಷ ಬಿಡುತ್ತಾರೆ. ಟ್ಯಾಂಗ್ ಮೊದಲು ಒಂದು ಸುತ್ತು ಮಿಡುಕಿ, ಓರೆಯಾಗಿ ವಾಲಿ ನಿಲ್ಲುತ್ತದೆ. ಎರಡನೇ ನಿಮಿಷಕ್ಕೆ ಕಣ್ಣಿನ ಮೇಲೆ, ಕೆನ್ನೆಯ ಮೇಲೆ ಏನೂ ಇಲ್ಲದಿದ್ದ ಕಡೆ ಹಾಲುಬಿಳಿಯ ಪೊರೆಗಳು ಮೂಡುತ್ತವೆ. ಹುಳುವಿನೊಳಗೆ ನೀರು ನುಗ್ಗಿ ಅದು ಮಬ್ಬಾಗಿರುತ್ತದೆ. ಆಮೇಲೆ ಒಂದೊಂದಾಗಿ ಕಳಚಿ, ಎಳ್ಳಿನ ಗಾತ್ರದ ಬಿಳಿ ಚೂರುಗಳಾಗಿ ಬಕೆಟ್ಟಿನ ತಳ ಸೇರುತ್ತವೆ. ಮೀನು ತಾಳಿಕೊಂಡದ್ದು ಅದರ ಚರ್ಮ, ಹುರುಪೆ, ಲೋಳೆಗಳ ಬಲದಿಂದ. ಹುಳುವಿಗೆ ಅಂಥ ಕವಚವಿಲ್ಲ. ಆದರೆ ಇದರಿಂದ ಕೆಲಸ ಪೂರ್ತಿ ಮುಗಿಯದು. ಇವುಗಳ ಮೊಟ್ಟೆಗಳು ಎಳೆಗಳಿಂದ ಬಲೆಗೆ, ಸ್ಪಂಜಿಗೆ ಸಿಕ್ಕಿಕೊಂಡಿರುತ್ತವೆ. ಹುಳು ಕೊಲ್ಲುವ ಔಷಧ ಪ್ರಾಜಿಕ್ವಾಂಟೆಲ್ ಹಾಕಿದರೂ ಮೊಟ್ಟೆ ಸಾಯುವುದಿಲ್ಲ. ವಾರ ಬಿಟ್ಟು ಎರಡನೇ ಡೋಸ್ ಕೊಡುವುದು ಒಡೆದುಬಂದ ಮರಿಗಳಿಗಾಗಿ.

ಈ ವಾರಗಳಲ್ಲಿ ಮೀನು ರೋಗಿಯಂತೆ ಬಿದ್ದಿರುತ್ತದೆ ಎಂದುಕೊಳ್ಳಬೇಕಿಲ್ಲ. ಅಂಗಡಿಯ ಗದ್ದಲದಲ್ಲಿ ಮುಚ್ಚಿಕೊಂಡಿದ್ದ ಬಾಯಿ ಒಂಟಿ ತೊಟ್ಟಿಯಲ್ಲಿ ತೆರೆಯುತ್ತದೆ. ದಿನವಿಡೀ ಮೇಯುವ ಟ್ಯಾಂಗ್‌ಗೆ ಒಣ ನೋರಿ ಎಂಬ ಕಡಲಪಾಚಿಯ ಹಾಳೆಯನ್ನು ಗಾಜಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿಟ್ಟರೆ ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಹರಿದು ತಿನ್ನತೊಡಗುತ್ತದೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಾಕಿ ಮರಿ ಮಾಡಿಸುವುದನ್ನು ತೋರಿಸಿಕೊಟ್ಟ ಕ್ಲೌನ್ ಮೀನುಗಳಿಗೆ ಈ ತರಬೇತಿ ಬೇಡ, ಅವು ಹುಟ್ಟಿನಿಂದಲೇ ಕಾಳಿಗೆ ಒಗ್ಗಿರುತ್ತವೆ. ಕ್ವಾರಂಟೈನ್ ಮಾತ್ರ ಅವಕ್ಕೂ ಬೇಕು. ಸಾಕಿದ ಮರಿ ಅಂಗಡಿಯಲ್ಲಿ ಕಡಲಿನ ಮೀನಿನ ಪಕ್ಕದಲ್ಲೇ ಇದ್ದು ಬಂದಿರುತ್ತದೆ.

ದೊಡ್ಡ ತೊಟ್ಟಿಗೆ ದಾಟಿಸುವ ದಿನ ನೀರಿನ ಚಿಂತೆ ಇರುವುದಿಲ್ಲ, ಎರಡೂ ಕಡೆ ಸಾಂದ್ರತೆ ಒಂದೇ. ಚಿಂತೆ ಹಳೆಯ ನಿವಾಸಿಗಳದು. ಅಲ್ಲಿ ಮೊದಲೇ ಇನ್ನೊಂದು ಟ್ಯಾಂಗ್ ಇದ್ದರೆ ಬಾಲದ ಮುಳ್ಳು ಬಿಚ್ಚುವುದು ಖಚಿತ. ತೂತುಗಳಿರುವ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಹೊಸ ಮೀನನ್ನು ಕೆಲವು ದಿನ ಅದೇ ನೀರಿನೊಳಗೆ ತೂಗುಬಿಟ್ಟು, ಹಳೆಯದು ಪೆಟ್ಟಿಗೆಗೆ ಹಾಯುವುದನ್ನು ಬಿಟ್ಟ ಮೇಲೆ ಹೊರಬಿಡಬೇಕು. ಇಷ್ಟೆಲ್ಲ ಮಾಡಿದವರೂ ಕೈಸುಟ್ಟುಕೊಳ್ಳುವುದು ಪಾಚಿ ತಿನ್ನಲೆಂದು ತಂದ ನಾಲ್ಕು ಬಸವನಹುಳುಗಳಿಂದ. ಅವಕ್ಕೆ ರೋಗ ಹತ್ತುವುದಿಲ್ಲ ನಿಜ. ಅಂಗಡಿಯಲ್ಲಿ ಅವು ಮೀನಿನ ತೊಟ್ಟಿಯಲ್ಲೇ ಇದ್ದರೆ ಚಿಪ್ಪಿನ ಮೇಲೆ ಕ್ರಿಪ್ಟೊಕ್ಯಾರಿಯಾನ್ ಕೋಶಗಳು ಅಂಟಿರಬಹುದು, ತಾಮ್ರ ಹಾಕುವಂತೆಯೂ ಇಲ್ಲ. ಮೀನಿಲ್ಲದ ಒಂದು ಸಣ್ಣ ತೊಟ್ಟಿಯಲ್ಲಿ ಅವನ್ನು ಎರಡೂವರೆ ತಿಂಗಳು ಇಟ್ಟರೆ ಕೋಶದಿಂದ ಹೊರಬಂದ ಮರಿಗಳು ಹಿಡಿಯಲು ಮೀನಿಲ್ಲದೆ ಸಾಯುತ್ತವೆ. ಬಸವನಹುಳುವಿಗೆ ಎರಡೂವರೆ ತಿಂಗಳ ಕ್ವಾರಂಟೈನ್ ಎಂದಾಗ ಅಂಗಡಿಯವರು ನಗುತ್ತಾರೆ. ನಗಲಿ.